ಆಮೆ ಮಾಸ್ತರ ಎಂಬತ್ತು ಸರದಿಗಳು

ಕಂತು ಏಳು

"ಎಷ್ಟಾಯ್ತೋ?"

"ಅರವತ್ತಾರು."

"ಇನ್ನೊಂದ್ಸಲ ಎಣಿಸು."

"ಮೂರನೇ ಸಲ ಕಣೇ ಅಕ್ಕ ಇದು! ಹೀಗೇ ಆದ್ರೆ ನಿನ್ನ ಗುಂಡಿಗಳೆಲ್ಲ ಸವೆದು ಹೋಗ್ತಾವೆ."

ಪತ್ತೇದಾರ ಊಟದ ಮೇಜಿನ ಮುಂದೆ ಎರಡು ಸ್ಟೀಲ್ ಲೋಟಗಳನ್ನಿಟ್ಟುಕೊಂಡು ಕೂತಿದ್ದ. ಎಡಗಡೆಯ ಲೋಟದ ತುಂಬ ಅಕ್ಕನ ಹೊಲಿಗೆ ಡಬ್ಬಿಯಿಂದ ಎರವಲು ತಂದ ಅಂಗಿಯ ಗುಂಡಿಗಳು. ಟೀವಿಯಲ್ಲಿ ಕಾಲೇಜು ಹುಡುಗರ ಕೈಗೆ ಚೆಂಡು ಬಂದಾಗಲೆಲ್ಲ ಒಂದು ಗುಂಡಿ ಬಲಗಡೆಯ ಲೋಟಕ್ಕೆ ಟಣ್ ಎಂದು ಬೀಳುತ್ತಿತ್ತು. ಆ ಟಣ್ ಕೇಳಿಸಬೇಕೆಂದು ಅವನು ಟೀವಿಯ ಧ್ವನಿಯನ್ನು ಪೂರ್ತಿ ಅಡಗಿಸಿದ್ದ. ಎರಡು ದಿನದಿಂದ ಆ ಮನೆಯಲ್ಲಿ ನಡೆಯುತ್ತಿದ್ದುದು ಮೂಕರ ಬ್ಯಾಸ್ಕೆಟ್‌ಬಾಲ್.

ಕಾಲೇಜಿನ ತಂಡ ಫೈನಲ್ಲನ್ನು ಒಂದೇ ಒಂದು ಅಂಕದಿಂದ ಸೋತಿತ್ತು. ತರಬೇತುದಾರ ಬೇಕೆಂದೇ ಸೋಲಿಸಿದರೆಂಬ ಗುಲ್ಲೆದ್ದಿತ್ತು. ಇವತ್ತು ಸಂಜೆ ಐದಕ್ಕೆ ಸಮಿತಿ ಸೇರಿ, ಪತ್ತೇದಾರನ ವರದಿ ಕೇಳಿ, ಆ ಮನುಷ್ಯನನ್ನು ಮನೆಗೆ ಕಳಿಸುವುದೋ ಬಿಡುವುದೋ ತೀರ್ಮಾನಿಸಲಿತ್ತು.

ಆ ಮನುಷ್ಯನಿಗೆ ಊರಿಟ್ಟ ಹೆಸರು ಆಮೆ ಮಾಸ್ತರು. 'ನಿಧಾನವೇ ಪ್ರಧಾನ' ಎಂದು ಏಳು ವರ್ಷ ಹುಡುಗರ ಕಿವಿಯಲ್ಲಿ ಊದಿದವರು. ಅವರ ಹುಡುಗರು ಚೆಂಡು ಸಿಕ್ಕಿತೆಂದು ಓಡುವವರಲ್ಲ. ಅತ್ತ ಕೊಟ್ಟು, ಇತ್ತ ಕೊಟ್ಟು, ಎದುರಿನವರು ಆಕಳಿಸುವ ಹೊತ್ತಿಗೆ ಬುಟ್ಟಿಗೆ ಹಾಕುವವರು.

ಈ ಆಟದಲ್ಲಿ ಒಬ್ಬ ತರಬೇತುದಾರನ ಗುಣ ತಿಳಿಯಲು ಎರಡು ಅಂಕಿ ಸಾಕೆಂದು ಪತ್ತೇದಾರ ಮೊನ್ನೆಯಷ್ಟೇ ಕಲಿತಿದ್ದ. ಚೆಂಡು ಒಂದು ತಂಡದ ಕೈಗೆ ಬಂದು, ಅವರು ಅದನ್ನು ಕಳೆದುಕೊಳ್ಳುವವರೆಗೆ ಒಂದು ಸರದಿ. ಪಂದ್ಯಕ್ಕೆ ಎಷ್ಟು ಸರದಿ ಎನ್ನುವುದು ವೇಗ. ನೂರು ಸರದಿಗೆ ಎಷ್ಟು ಅಂಕ ಎನ್ನುವುದು ಫಲ. ಏಳು ವರ್ಷದಿಂದ ಆಮೆ ಮಾಸ್ತರ ವೇಗ ಅರವತ್ತಾರು, ಫಲ ನೂರಾ ಐದು. ಸೂರ್ಯ ತಪ್ಪಿದರೂ ಅದು ತಪ್ಪಿದ್ದಿಲ್ಲ.

ಆದರೆ ಈ ಸಲದ ಪಂದ್ಯಾವಳಿಯ ಹಾಳೆಗಳಲ್ಲಿ ವೇಗ ಎಂಬತ್ತು! ಫಲ ಬರೀ ಎಂಬತ್ತಾರು! ಆರಕ್ಕೆ ಆರೂ ಪಂದ್ಯ ಹೀಗೇ. ಅಡ್ಡಾದಿಡ್ಡಿ ಓಡಿಸಿ, ಚೆಂಡು ಹಾಳು ಮಾಡಿಸಿ, ತಂಡವನ್ನು ಮುಳುಗಿಸಿದರು ಅಂತ ಸಮಿತಿ ಓದಿಕೊಂಡಿತ್ತು.

ಪತ್ತೇದಾರನ ಗುಂಡಿಗಳು ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಐದು ಪಂದ್ಯದಿಂದ ಅರವತ್ತಾರು, ಅರವತ್ತೈದು, ಅರವತ್ತಾರು ಎನ್ನುತ್ತಿದ್ದವು. ಆರನೆಯದು ಫೈನಲ್. ಅದನ್ನಿನ್ನೂ ಹಾಕಿರಲಿಲ್ಲ.

"ನಂಗೇ ಕಣ್ಣು ಮಂಜಾಗಿದೆಯೋ, ಹಾಳೆಗೆ ಹುಚ್ಚು ಹಿಡಿದಿದೆಯೋ ಗೊತ್ತಾಗ್ತಿಲ್ಲ," ಎಂದು ಅವನು ತಲೆ ಹಿಡಿದುಕೊಂಡ.

ಅಕ್ಕ ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು. ಚೆಂಡಿನಾಟದ ಗಂಧಗಾಳಿ ಇಲ್ಲ. ಆದರೆ ತಪ್ಪು ಲೆಕ್ಕ ಮನೆಯೊಳಗಿದ್ದರೆ ಇಲಿ ಸತ್ತ ವಾಸನೆಯಂತೆ ಅವಳಿಗೆ ತಿಳಿಯುತ್ತಿತ್ತು.

"ಹಾಳೆ ಪ್ರಕಾರ ಪಂದ್ಯಕ್ಕೆ ಎಷ್ಟು ಅಂಕ ಗಳಿಸಿದ್ದಾರೆ?"

"ಅರವತ್ತೊಂಬತ್ತರ ಆಸುಪಾಸು."

"ಹಿಂದಿನ ಏಳು ವರ್ಷ?"

ಪತ್ತೇದಾರ ಕಾಗದ ಕೆದಕಿದ. ಬಾಯಿ ತೆರೆದ. "ಅರವತ್ತೊಂಬತ್ತೇ!"

"ಅಯ್ಯೋ ಪೆದ್ದೇ. ಅದೇ ಬಟ್ಟೆ ಕಣೋ. ಮೊದಲು ಅರವತ್ತಾರು ತುಂಡು ಮಾಡ್ತಿದ್ರು, ಈಗ ಎಂಬತ್ತು ಮಾಡಿದ್ದಾರೆ. ತುಂಡು ಸಣ್ಣದಾಯ್ತು. ಬಟ್ಟೆ ಎಲ್ಲಿ ಕಮ್ಮಿಯಾಯ್ತು?" ಅವಳು ಕನ್ನಡಕ ಮೂಗಿನ ತುದಿಗೆ ಎಳೆದುಕೊಂಡಳು. "ಎದುರು ತಂಡದ್ದು ಎಷ್ಟು ಸರದಿ ಅಂತ ಬರೆದಿದ್ದಾರೆ?"

"ಅರವತ್ತಾರು."

"ಇದೊಳ್ಳೆ ಕತೆ. ಒಂದ್ಸಲ ನಿಂದು, ಒಂದ್ಸಲ ನಂದು ಅಂತ ಚೆಂಡು ಕೈ ಬದಲಾಗೋ ಆಟ ತಾನೇ? ನಾನೊಂದು ಮಾತಾಡಿದ್ರೆ ನೀನೊಂದು ಮಾತಾಡ್ತೀಯ. ನಾನು ಎಂಬತ್ತು ಮಾತಾಡಿ ನೀನು ಅರವತ್ತಾರು ಆಡೋಕಾಗುತ್ತಾ?"

"ನಮ್ಮನೇಲಿ ಆಗುತ್ತಲ್ಲ."

ಅಕ್ಕ ಕೈಯಲ್ಲಿದ್ದ ಒರೆಸುವ ಬಟ್ಟೆ ಎಸೆದಳು. ಅದು ಅವನ ಭುಜಕ್ಕೆ ತಾಗಿ ಲೋಟದ ಮೇಲೆ ಬಿತ್ತು. ಅದೇ ಹೊತ್ತಿಗೆ ಟೀವಿಯಲ್ಲಿ ಉದ್ದನೆಯ ಹುಡುಗನೊಬ್ಬ ಚೆಂಡೆಸೆದ, ತಪ್ಪಿದ, ತಾನೇ ಹಾರಿ ಹಿಡಿದ, ಮತ್ತೆ ಎಸೆದ.

"ಈಗ ಇದು ಒಂದು ಸರದಿನೋ ಎರಡೋ?" ಎಂದಳು ಅಕ್ಕ.

"ಒಂದೇ. ಚೆಂಡು ಎದುರಿನವರ ಕೈಗೆ ಹೋಗ್ಲಿಲ್ವಲ್ಲ."

"ಗೊತ್ತಿಲ್ಲದೋನು ಎರಡು ಅಂತಾನೆ. ಇಂಥವು ಎಷ್ಟಿದೆ, ಎಣಿಸು."

ಎಣಿಸಿದ. ಹದಿನಾಲ್ಕು. ಅರವತ್ತಾರಕ್ಕೆ ಹದಿನಾಲ್ಕು ಸೇರಿದರೆ ಎಂಬತ್ತು. ಒಗಟು ಕಳಚಿಬಿತ್ತು! ಬೆಟ್ಟ ಅಗೆದಿದ್ದಕ್ಕೆ ಇಲಿಯಾದರೂ ಸಿಕ್ಕಿತೆಂದು ಅವನು ಕುಣಿಯುವುದರಲ್ಲಿದ್ದ. ಯಾರೋ ಎಣಿಸುವವರು ಸರದಿಯೆಂದರೇನೆಂದು ತಿಳಿಯದೆ ತಪ್ಪು ಮಾಡಿದ್ದಾರೆ, ಮಾಸ್ತರು ನಿರಪರಾಧಿ.

"ಎದುರು ತಂಡದವರೂ ಹಾಗೇ ಹಾರಿ ಹಿಡಿದಿರ್ತಾರಲ್ಲ," ಎಂದಳು ಅಕ್ಕ, ಒರೆಸುವ ಬಟ್ಟೆ ವಾಪಸು ತೆಗೆದುಕೊಳ್ಳುತ್ತ.

ಹಿಡಿದಿದ್ದರು. ಒಂಬತ್ತು ಸಲ. ಆದರೆ ಅವರ ಹಾಳೆಯಲ್ಲಿ ಆ ಒಂಬತ್ತು ಸೇರಿರಲಿಲ್ಲ. ಅವರದು ಸರಿಯಾದ ಎಣಿಕೆ. ಒಂದೇ ಪಂದ್ಯ, ಎರಡು ನ್ಯಾಯ! ತಿಳಿಯದೆ ಮಾಡಿದ ತಪ್ಪಾದರೆ ಎರಡೂ ಕಡೆ ಇರಬೇಕಿತ್ತಲ್ಲ.

ಸಂತೋಷ ಬಂದಷ್ಟೇ ಬೇಗ ಹೋಯಿತು. ತಲೆ ಮತ್ತೆ ಮೊಸರು ಗಡಿಗೆಯಾಯಿತು.

ಫೋನು ಹೊಡೆದುಕೊಂಡಿತು. ಕಾಲೇಜಿನ ಪ್ರಾಂಶುಪಾಲೆ. ಅವನನ್ನು ಈ ಕೆಲಸಕ್ಕೆ ಕರೆಸಿದವರೇ ಅವರು. ಹುಡುಗರೆಲ್ಲ ದೊಡ್ಡ ಮೇಡಂ ಎನ್ನುತ್ತಿದ್ದರು. ತಗಡಿನ ಮೇಲೆ ಮೊಳೆ ಎಳೆದಂಥ ಕಂಠ. ಯಾವ ಮಾತನ್ನೂ ಒಂದೇ ಸಲ ಆಡಿ ಗೊತ್ತಿಲ್ಲ.

"ಮುಗೀತಾ ಮುಗೀತಾ? ಬೇಗ ಬೇಗ ಮುಗಿಸಿ. ಹಾಳೆ ನೋಡಿ ಬರೆದ್ರೆ ಸಾಕು ಸಾಕು. ವಿಡಿಯೋ ಗಿಡಿಯೋ ಅಂತ ಯಾಕೆ ಸುಮ್ನೆ?"

"ಐದಕ್ಕೆ ಬರ್ತೀನಿ ಮೇಡಂ," ಎಂದು ಅವನು ಫೋನಿಟ್ಟ. ವಿಡಿಯೋ ನೋಡುತ್ತಿರುವ ಸಂಗತಿ ಅವರಿಗೆ ಹೇಗೆ ಗೊತ್ತಾಯಿತೆಂದು ಹೊಳೆದದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ.

*

ಅಂಕ ಬರೆಯುವಾಕೆಯ ಕೋಣೆ ಆಟದ ಅಂಗಳದ ಮೆಟ್ಟಿಲುಗಳ ಕೆಳಗಿತ್ತು. ಮೇಲೆ ಯಾರಾದರೂ ನಡೆದರೆ ಮೇಜಿನ ಮೇಲೆ ಸುಣ್ಣ ಉದುರುತ್ತಿತ್ತು. ಆಕೆ ಕಾಗದದ ಮೇಲೆ ಬಿದ್ದ ಸುಣ್ಣವನ್ನು ಊದುತ್ತಲೇ ಮಾತಾಡಿದಳು.

"ವಿಡಿಯೋ ನಾನೇ ಕೊಟ್ಟೆ ಅಂತ ದೊಡ್ಡ ಮೇಡಂಗೆ ಹೇಳ್ಬಿಟ್ಟೆ ಸಾರ್. ಕೇಳಿದ್ರು. ನಂಗೆ ಸುಳ್ಳು ಬರಲ್ಲ."

"ಇರ್ಲಿ ಬಿಡಮ್ಮ. ಈ ಎಣಿಕೆ ನಿಂದೇನಾ?"

"ಎದುರು ತಂಡದ್ದು ನಂದು. ನಮ್ಮ ತಂಡದ್ದು ಬೆಂಚಿನ ಹುಡುಗಂದು."

"ಯಾವ ಬೆಂಚಿನ ಹುಡುಗ?"

"ಅದು ಮಾಸ್ತರು ಮಾಡಿದ ಪದ್ಧತಿ ಸಾರ್. ಯಾವನಿಗೆ ಕಾಲೋ ಕೈಯೋ ಉಳುಕಿದೆಯೋ ಅವನಿಗೆ ಪೆನ್ನು ಕೊಡೋದು. ಆಡೋಕಾಗ್ದೆ ಇರೋನು ಎಣಿಸ್ಲಿ, ಆಗ ಆಟ ಅಂದ್ರೆ ಏನು ಅಂತ ತಿಳ್ಕೊತಾನೆ ಅಂತಾರೆ."

"ಈ ಸಲ ಯಾರಿಗೆ ಉಳುಕಿತ್ತು?"

ಊದುವ ಬಾಯಿ ಅರ್ಧಕ್ಕೇ ನಿಂತಿತು.

"ಯಾರಿಗೂ... ಇಲ್ವಲ್ಲ! ಹನ್ನೆರಡೂ ಜನ ಕಲ್ಲುಗುಂಡಿನ ಹಾಗಿದ್ರು."

"ಮತ್ತೆ ಹಾಳೆ ಬರೆದದ್ದು ಯಾರು? ದೆವ್ವ ಬಂದು ಬರೀತಾ?"

"ಫೈನಲ್ ಆದ ಮೂರನೇ ದಿನ ಬೆಳಿಗ್ಗೆ ನನ್ನ ಮೇಜಿನ ಮೇಲಿತ್ತು ಸಾರ್. ಆರೂ ಒಟ್ಟಿಗೆ. ನಾನು... ನಾನು ಕೇಳ್ಲೇ ಇಲ್ಲ."

ಪತ್ತೇದಾರ ಆರೂ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದ. ಹದಿನೈದು ದಿನಗಳಲ್ಲಿ ಆಡಿದ ಆರು ಪಂದ್ಯ. ಒಂದೇ ಪೆನ್ನು, ಒಂದೇ ನೀಲಿ, ಒಂದೇ ಸಲ ಕೂತು ಬರೆದಂಥ ಗೀಟುಗಳು. ಪ್ರತಿ ಸಾಲಿನಲ್ಲೂ ಮಸಿ ಎಡದಿಂದ ಬಲಕ್ಕೆ ಸವರಿಕೊಂಡಿತ್ತು. ಬರೆಯುತ್ತ ಹೋದ ಹಾಗೆ, ಆಗತಾನೇ ಬರೆದದ್ದರ ಮೇಲೆ ಬರೆಯುವ ಕೈಯೇ ಉಜ್ಜಿಕೊಂಡು ಹೋಗಿತ್ತು.

ಬಲಗೈಯವರಿಗೆ ಹಾಗಾಗುವುದಿಲ್ಲ.

"ನಿಮ್ಮಲ್ಲಿ ಎಡಚರು ಯಾರಮ್ಮ?"

ಮೇಲೆ ಯಾರೋ ನಡೆದರು. ಸುಣ್ಣ ಉದುರಿತು. ಆಕೆ ಊದಲಿಲ್ಲ.

"ಒಬ್ರೇ ಸಾರ್," ಎಂದಳು. "ಮಾಸ್ತರು."

ಜನ ತಮ್ಮ ತಪ್ಪು ಮುಚ್ಚಲು ಸುಳ್ಳು ಲೆಕ್ಕ ಬರೆಯುತ್ತಾರೆ. ಮಾಡದ ತಪ್ಪನ್ನು ತಮ್ಮ ತಲೆಗೇ ಕಟ್ಟಿಕೊಳ್ಳಲು ಸುಳ್ಳು ಲೆಕ್ಕ ಬರೆದವರನ್ನು ಪತ್ತೇದಾರ ಕಂಡದ್ದಿಲ್ಲ, ಕೇಳಿದ್ದಿಲ್ಲ.

"ಇನ್ನೊಂದಿದೆ ಸಾರ್." ಆಕೆ ಡ್ರಾಯರಿನಿಂದ ತನ್ನ ಹಾಳೆಯನ್ನು ತೆಗೆದಳು. "ಫೈನಲ್ ದಿನ ಎದುರು ತಂಡದ್ದು ನಾನು ಎಣಿಸಿದ್ದು. ಎರಡೆರಡು ಸಲ ಎಣಿಸಿದೆ, ನಂಗೇ ನಂಬಿಕೆ ಬರ್ಲಿಲ್ಲ."

ಒಟ್ಟು ಎಪ್ಪತ್ತೆರಡು. ಹತ್ತು ಹತ್ತು ನಿಮಿಷದ ನಾಲ್ಕು ಭಾಗ: ಹದಿನಾರು, ಹದಿನೇಳು, ಹದಿನಾರು. ಕೊನೆಯ ಭಾಗ ಇಪ್ಪತ್ತಮೂರು.

ಅಕ್ಕನ ಮಾತು ನೆನಪಾಯಿತು. ನಾನೊಂದು ಮಾತು, ನೀನೊಂದು ಮಾತು. ಎದುರಿನವರಿಗೆ ಇಪ್ಪತ್ತಮೂರು ಸರದಿ ಬಂದಿದ್ದರೆ ಇವರಿಗೂ ಇಪ್ಪತ್ತಮೂರು ಬಂದಿರಲೇಬೇಕು. ಏಳು ವರ್ಷ, ಐದು ಪಂದ್ಯ, ಮೂವತ್ತು ನಿಮಿಷ ಆಮೆ. ಕೊನೆಯ ಹತ್ತು ನಿಮಿಷ ಮಾತ್ರ ಬಾಲಕ್ಕೆ ಬೆಂಕಿ ಹತ್ತಿದ ಓಟ!

ಅವನು ಆಕೆಯ ಲ್ಯಾಪ್‌ಟಾಪನ್ನು ಎರವಲು ಕೇಳಿ, ಫೈನಲ್ ವಿಡಿಯೋ ಹಾಕಿಸಿಕೊಂಡು, ಕಂಕುಳಲ್ಲಿಟ್ಟು ಹೊರಟ. ಗಂಟೆ ನಾಲ್ಕೂಮುಕ್ಕಾಲು.

ಅಂಗಳ ದಾಟುವಾಗ ಹುಡುಗರು ಎದುರಾದರು. ಕಳೆದ ವಾರ ಅವರಲ್ಲಿ ಏಳು ಜನರನ್ನು ಅವನು ಒಬ್ಬೊಬ್ಬರಾಗಿ ಕೂರಿಸಿ ಕೇಳಿದ್ದ. ಏಳೂ ಜನ ಹೇಳಿದ್ದು ಒಂದೇ ವಾಕ್ಯ: "ಮಾಸ್ತರು ಹೇಳಿದಂತೆ ನಾವು ಆಡಿದೆವು." ಆಗ ಅದು ಅವನಿಗೆ ಸಹಜವೆನಿಸಿತ್ತು. ಈಗ ಆ ಕೊನೆಯ ಪದ ಕಿವಿಗೆ ಚುಚ್ಚಿತು. 'ಏನ್ ಸಾರ್', 'ಹೋಗ್ಲಿ ಬಿಡಿ ಸಾರ್' ಎಂದು ಮಾತಾಡುವ ಹುಡುಗರು 'ಆಡಿದೆವು' ಎನ್ನುವುದು ಯಾವಾಗ? ಯಾರೋ ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿದಾಗ.

*

ಆಮೆ ಮಾಸ್ತರು ಸಾಮಾನಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ಚೆಂಡಿಗೆ ಗಾಳಿ ತುಂಬುತ್ತಿದ್ದರು. ಒಂದು ಒತ್ತು, ಒಂದು ನಿಟ್ಟುಸಿರು, ಅದರಲ್ಲೂ ಅವಸರವಿಲ್ಲ. ಪಕ್ಕದಲ್ಲಿ ಆಗತಾನೇ ಬರೆದು ಮುಗಿಸಿದ ಸಾಮಾನಿನ ಪಟ್ಟಿಯಿತ್ತು. ಎಡಗೈಯ ಕಿರುಬೆರಳಿನ ಕೆಳಗೆ, ಅಂಗೈಯ ಅಂಚಿನುದ್ದಕ್ಕೂ, ನೀಲಿ ಮಸಿ ಮೆತ್ತಿತ್ತು.

"ಬನ್ನಿ ಸಾಹೇಬ್ರೇ. ಇನ್ನು ಕಾಲು ಗಂಟೆ. ಚೆಂಡುಗಳಿಗಾದ್ರೂ ಗಾಳಿ ತುಂಬಿಟ್ಟು ಹೋಗೋಣ ಅಂತ."

"ಒಳ್ಳೆ ಸುದ್ದಿ ತಂದಿದ್ದೀನಿ ಮಾಸ್ತರೇ. ಹಾಳೆಯಲ್ಲಿ ತಪ್ಪಿದೆ. ಹಾರಿ ಹಿಡಿದದ್ದನ್ನೆಲ್ಲ ಹೊಸ ಸರದಿ ಅಂತ ಎಣಿಸಿದ್ದಾರೆ. ನೀವು ಆಡಿಸಿದ್ದು ಎಂಬತ್ತಲ್ಲ, ಅರವತ್ತಾರೇ. ನಿಮ್ಮ ಹೆಸರಿಗೆ ಮಸಿ ಇಲ್ಲ." ಪತ್ತೇದಾರ ತನ್ನ ಎಣಿಕೆಯ ಚೀಟಿ ತೆಗೆದು ತೋರಿಸಿದ.

ಪಂಪು ನಿಂತಿತು. ಮಾಸ್ತರ ಮುಖದಲ್ಲಿ ಸಂತೋಷ ಬರಲಿಲ್ಲ. ಇದ್ದ ಬಣ್ಣವೂ ಇಳಿಯಿತು.

"ಆ ಕಾಗದ ಹರಿದುಹಾಕಿ."

"ಯಾಕೆ?"

"ಹರಿದುಹಾಕಿ ಅಂದ್ನಲ್ಲ."

"ಕೈಗೆ ಮಸಿ ಅಂಟಿದೆ ಮಾಸ್ತರೇ," ಎಂದ ಪತ್ತೇದಾರ ಮೆಲ್ಲಗೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಮಾಸ್ತರ ಎಡಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ಆಮೇಲೆ, ಹೋದದ್ದಕ್ಕೆ ನಾಚಿದಂತೆ, ಮುಂದೆ ಬಂತು.

"ಹೌದು. ನಾನೇ ಬರೆದೆ. ನಂಗೆ ಎಣಿಕೆ ಸರಿಯಾಗಿ ಬರಲ್ಲ."

"ಉಳುಕಿದ ಹುಡುಗರಿಗೆಲ್ಲ ಎಣಿಕೆ ಕಲಿಸಿದವರು ನೀವು. ಏಳು ವರ್ಷ ಬಂದದ್ದು ಒಂದೇ ದಿನಕ್ಕೆ ಮರೆತುಹೋಯ್ತಾ?"

"ವಯಸ್ಸಾಯ್ತು."

"ನಂಗೂ ಆಯ್ತು. ನಂಗೆ ಕನ್ನಡಕ ಮರೆಯುತ್ತೆ, ಕಸುಬು ಮರೆಯಲ್ಲ." ಪತ್ತೇದಾರ ಚೆಂಡುಗಳ ಚೀಲವನ್ನು ಸರಿಸಿ ಎದುರಿಗೆ ಕೂತ. "ನೀವು ಸೋಲಿಸಿದ್ದರೆ ಹಾಳೆ ಚೆನ್ನಾಗಿ ಬರೆದು ಬಚಾವಾಗ್ತಿದ್ರಿ. ನೀವು ಚೆನ್ನಾಗಿದ್ದ ಐದು ಪಂದ್ಯಾನೂ ಕೆಡಿಸಿ ಬರೆದ್ರಿ. ಯಾಕೆ? ದಾರಿಯುದ್ದಕ್ಕೂ ಯೋಚಿಸ್ದೆ, ತಲೆ ಚಿಟ್ಟು ಹಿಡೀತು. ಕೊನೆಗೆ ಒಂದು ಹೊಳೀತು. ಒಂದು ಕಲ್ಲನ್ನ ಬಚ್ಚಿಡಬೇಕಾದ್ರೆ ಕಲ್ಲಿನ ರಾಶೀಲೇ ಇಡಬೇಕು. ಐದು ಅರವತ್ತಾರರ ಮಧ್ಯೆ ಒಂದು ಎಪ್ಪತ್ತೆರಡು ಇದ್ರೆ ಎಲ್ಲರ ಕಣ್ಣೂ ಅಲ್ಲೇ. ಆರೂ ಕಡೆ ಎಂಬತ್ತು ಅಂತಿದ್ರೆ, ಫೈನಲ್ ಕಡೆ ಯಾರೂ ತಿರುಗಿ ನೋಡಲ್ಲ."

ಮಾಸ್ತರು ಚೆಂಡನ್ನು ಎದೆಗೆ ಅವುಚಿಕೊಂಡರು. ತೊಟ್ಟಿಲ ಕೂಸನ್ನು ಹಿಡಿದ ಹಾಗೆ.

"ಕೊನೇ ಹತ್ತು ನಿಮಿಷ, ಮಾಸ್ತರೇ. ಇಪ್ಪತ್ತಮೂರು ಸರದಿ. ಆ ವೇಗ ನಿಮ್ಮದಲ್ಲ. ಕೈಬರಹ ಬದಲಾದ ಹಾಗಿದೆ. ಬೆಂಚಲ್ಲಿ ನೀವು ಕೂತಿದ್ರಿ, ಎಲ್ಲರೂ ನೋಡಿದ್ದಾರೆ. ಆದ್ರೆ ಆಡಿಸಿದ್ದು ನೀವಲ್ಲ."

"ನಾನೇ."

"ಯಾರು?"

"ನಾನೇ ಅಂದ್ನಲ್ಲಾ!" ಏಳು ವರ್ಷದಲ್ಲಿ ಯಾರೂ ಕೇಳದ ಗಂಟಲು ಅದು. ಗೋಡೆಗೆ ತೂಗುಹಾಕಿದ್ದ ಸೀಟಿಗಳೂ ನಡುಗಿದಂತಿತ್ತು. ಮರುಕ್ಷಣವೇ ದನಿ ಇಳಿಯಿತು. "ನೋಡಿ ಸಾಹೇಬ್ರೇ. ಆರು ಪಂದ್ಯ ಕೆಡಿಸಿದ ದಡ್ಡ ಮಾಸ್ತರು ಅಂತ ನನ್ನನ್ನ ಮನೆಗೆ ಕಳಿಸ್ಲಿ. ಅದು ನಂಗೆ ಒಪ್ಪಿಗೆ. ಹೆಂಡತಿಗೂ ಹೇಳಿದ್ದೀನಿ. ಆ ಹತ್ತು ನಿಮಿಷ ಮಾತ್ರ ಬೇಡ. ಅದನ್ನ ಕೆದಕಿದ್ರೆ ನಂಗಲ್ಲ ಏಟು, ಹನ್ನೆರಡು ಹುಡುಗರಿಗೆ."

"ಹುಡುಗರಿಗೆ ಯಾಕೆ ಏಟು?"

ಮಾಸ್ತರು ಪಂಪನ್ನು ಮತ್ತೆ ಕೈಗೆತ್ತಿಕೊಂಡರು.

ಪತ್ತೇದಾರ ಲ್ಯಾಪ್‌ಟಾಪು ತೆರೆದು, ಕೊನೆಯ ಹತ್ತು ನಿಮಿಷಕ್ಕೆ ಎಳೆದುಬಿಟ್ಟ. ಮೂಕ ಹುಡುಗರು ಅತ್ತಿಂದಿತ್ತ ಓಡತೊಡಗಿದರು. ಕ್ಯಾಮೆರಾ ಅಂಗಳವನ್ನಷ್ಟೇ ತೋರಿಸುತ್ತಿತ್ತು. ಬೆಂಚು ಚೌಕಟ್ಟಿನ ಹೊರಗೆ. ಆದರೆ ಹುಡುಗರು ಚೆಂಡು ಸಿಕ್ಕಾಗಲೆಲ್ಲ ಒಮ್ಮೆ ಬೆಂಚಿನ ಕಡೆ ಕತ್ತು ತಿರುಗಿಸುತ್ತಿದ್ದರು. ಅಲ್ಲ. ಬೆಂಚಿನ ಕಡೆಗಲ್ಲ! ಅವರ ಕಣ್ಣು ಹೋಗುತ್ತಿದ್ದುದು ಇನ್ನೂ ಮೇಲೆ, ಬೆಂಚಿನ ಹಿಂದೆ ನೋಡುಗರು ಕೂರುವ ಸಾಲಿಗೆ.

ಎರಡು ದಿನ ಗುಂಡಿ ಎಣಿಸಿದ ತನ್ನ ದಡ್ಡತನ ಅವನಿಗೆ ಆಗ ಹೊಳೆಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದ. ಕಿವಿಯನ್ನು ಮುಚ್ಚಿಕೊಂಡೇ ಕೂತಿದ್ದ.

ಅವನು ಧ್ವನಿಯ ಗುಂಡಿಯ ಕಡೆ ಬೆರಳು ಚಾಚಿದ.

ನೀಲಿ ಮಸಿಯ ಕೈ ಅವನ ಮಣಿಕಟ್ಟನ್ನು ಗಪ್ಪನೆ ಹಿಡಿಯಿತು.

"ಬೇಡ ಸ್ವಾಮಿ. ನಿಮ್ಮ ಕಾಲಿಗೆ ಬೀಳ್ತೀನಿ."

ಆದರೆ ಬೆರಳು ಆಗಲೇ ಒತ್ತಿಯಾಗಿತ್ತು. ಜನರ ಗದ್ದಲ, ಬೂಟುಗಳ ಕೀರಲು, ಸೀಟಿ. ಅದೆಲ್ಲವನ್ನೂ ಸೀಳಿಕೊಂಡು ಬಂತು ತಗಡಿನ ಮೇಲೆ ಮೊಳೆ ಎಳೆದಂಥ ಕೂಗು:

"ಓಡಿ ಓಡಿ! ಕಾಯ್ಬೇಡಿ ಕಾಯ್ಬೇಡಿ! ಎಸೀರಿ ಎಸೀರಿ!"

ಮಾಸ್ತರು ಕೈ ಬಿಟ್ಟರು. ಲ್ಯಾಪ್‌ಟಾಪಿನ ಧ್ವನಿಯನ್ನು ತಾವೇ ಪೂರ್ತಿ ಇಳಿಸಿದರು. ತಂಡವನ್ನು ಓಡಿಸಿ ಸೋಲಿಸಿದವರೇ, ಯಾರು ಸೋಲಿಸಿದ್ದೆಂದು ಪತ್ತೆ ಮಾಡಲು ತನ್ನನ್ನು ಕರೆಸಿದ್ದೇಕೆ? ಮಾಸ್ತರು ಬಾಯಿಬಿಡದೆ ಕೂತು ನೋಡಿದ್ದೇಕೆ? ಹುಡುಗರು ದೊಡ್ಡ ಮೇಡಂ ಮಾತನ್ನು ಮೀರದೆ ಓಡಿದ್ದೇಕೆ? ಒಂದು ಗಂಟು ಬಿಚ್ಚಿದ ಕಡೆ ಮೂರು ಬಿದ್ದಿದ್ದವು.

"ಅಂಕಿ ಮಾತ್ರ ಓದಿ ಸಾಹೇಬ್ರೇ," ಮಾಸ್ತರು ಪಿಸುಗುಟ್ಟಿದರು. "ಎಂಬತ್ತು ಅಂತ ಓದಿ. ಪುಣ್ಯ ಬರುತ್ತೆ."

ಪತ್ತೇದಾರನ ಅಂಗಿಯ ಎಡ ಜೇಬಿನಲ್ಲಿ ಎಂಬತ್ತರ ಹಾಳೆ, ಬಲ ಜೇಬಿನಲ್ಲಿ ಅರವತ್ತಾರರ ಚೀಟಿ. ಒಂದನ್ನು ಓದಿದರೆ ನಿರಪರಾಧಿ ಬೀದಿಗೆ. ಇನ್ನೊಂದನ್ನು ಓದಿದರೆ, ಯಾಕೆಂದು ತಿಳಿಯದು, ಹನ್ನೆರಡು ಹುಡುಗರು.

ಬಾಗಿಲು ತೆರೆಯಿತು. ತಟ್ಟುವ ಶಾಸ್ತ್ರವೂ ಇಲ್ಲ.

"ಬನ್ನಿ ಬನ್ನಿ, ಐದಾಯ್ತು. ಎಲ್ಲರೂ ಕಾಯ್ತಿದ್ದಾರೆ ಕಾಯ್ತಿದ್ದಾರೆ." ದೊಡ್ಡ ಮೇಡಂ ನಗುತ್ತ ಕೈ ಚಾಚಿದರು. "ಕೊಡಿ ಕೊಡಿ, ವರದಿ ಯಾವ ಜೇಬಲ್ಲಿದೆ?"

ಅವರ ನೋಟ ಚೆಂಡುಗಳ ಚೀಲದ ಮೇಲೆ ಹಾದು, ಸ್ಟೂಲಿನ ಪಕ್ಕದ ಲ್ಯಾಪ್‌ಟಾಪಿನ ಮೇಲೆ ನಿಂತಿತು. ಪರದೆಯಲ್ಲಿ ಹುಡುಗರು ಇನ್ನೂ ಸದ್ದಿಲ್ಲದೆ ಓಡುತ್ತಿದ್ದರು. ಒಬ್ಬ ಕತ್ತೆತ್ತಿ ಬೆಂಚಿನ ಹಿಂದಿನ ಸಾಲಿನ ಕಡೆ ನೋಡಿದ. ಮೇಡಂ ಮುಖದ ನಗು ಇದ್ದಲ್ಲೇ ಇತ್ತು, ಕಣ್ಣುಗಳು ಮಾತ್ರ ಅದರ ಜೊತೆಯಲ್ಲಿರಲಿಲ್ಲ.

"ಇದಕ್ಕೆ ಧ್ವನಿ ಇದೆಯಾ?"

ಒಂದೇ ಸಲ ಕೇಳಿದರು.